ಕಾಗಿಣೆಯ ತೀರದ ಕಲ್ಲೂ ಜೋಳವೂ

ಕಡಲ ತೀರದ ಪಟ್ಟಣವೊಂದನ್ನು ನೋಡಿ ಬಂದವರು ಎರಡು ಸಂಗತಿಗಳನ್ನು ತಪ್ಪದೆ ಹೇಳುವರು. ಅಲ್ಲಿ ಕಂಡ ಗುಡಿ ಗೋಪುರಗಳು ಒಂದು, ಅಲ್ಲಿ ಉಂಡ ಊಟ ಮತ್ತೊಂದು. ಮಂಗಳೂರಿಗೆ ಹೋಗಿ ಬಂದವರು ಕದರಿಯ ದೇವಾಲಯದಲ್ಲಿರುವ, ಕ್ರಿ. ಶ. 968ರ ಲೋಕೇಶ್ವರನ ಕಂಚಿನ ವಿಗ್ರಹವನ್ನು ವರ್ಣಿಸುತ್ತಿರುವಾಗಲೇ ನೀರುದೋಸೆಯ ಮಾತನ್ನೂ ಎತ್ತುವರು. ಇದು ಸಹಜವಾದುದೇ. ಊರಿನ ಕಟ್ಟಡಗಳು ಆ ಊರು ಏನನ್ನು ಗೌರವಿಸಿತೆಂಬುದನ್ನು ಹೇಳಿದರೆ, ಊರಿನ ಅಡುಗೆಯು ಅದು ಯಾವುದರಿಂದ ಬದುಕಿತೆಂಬುದನ್ನು ಹೇಳುತ್ತದೆ. ಎರಡನ್ನೂ ಕೇಳಿದ ಹೊರತು ಊರಿನ ಕಥೆ ಪೂರ್ತಿಯಾಗದು.

ಈ ದಿನ ನಾವು ಶ್ರೋತೃಗಳನ್ನು ಕರೆದೊಯ್ಯಬೇಕೆಂದಿರುವುದು ಒಂದು ತೀರಕ್ಕೇ. ಆದರೆ ಅಲ್ಲಿ ಈಗ ಕಡಲಿಲ್ಲ. ಕಲಬುರಗಿಯ ಪೂರ್ವಕ್ಕೂ ದಕ್ಷಿಣಕ್ಕೂ ಹಬ್ಬಿರುವ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳ ಸೀಮೆ ಅದು. ಅದರ ನಡುವೆ ಕಾಗಿಣಾ ನದಿ ಹರಿದು ಬಂದು, ಶಹಾಬಾದಿನ ಬಳಿಯ ಹೊನಗುಂಟಾದಲ್ಲಿ ಭೀಮೆಯನ್ನು ಕೂಡುತ್ತದೆ. ಈ ನಾಡಿಗೆ ಪ್ರವಾಸಕ್ಕೆಂದು ಹೋಗುವವರು ವಿರಳ. ಬಿಸಿಲು, ಬೂದುಬಣ್ಣದ ಬಂಡೆ, ಕಪ್ಪು ಎರೆಹೊಲ, ಇಷ್ಟೇ ರೈಲಿನ ಕಿಟಕಿಯಿಂದ ಕಾಣುವುದು. ಆದರೂ ಕನ್ನಡದ ಚರಿತ್ರೆಯಲ್ಲಿ ಈ ನೆಲಕ್ಕಿರುವಷ್ಟು ಹಿರಿದಾದ ಸ್ಥಾನ ಬಹಳ ಊರುಗಳಿಗಿಲ್ಲ. ಅಷ್ಟೇ ಅಲ್ಲ, ಈ ಭಾಷಣವನ್ನು ಕೇಳುತ್ತಿರುವವರಲ್ಲಿ ಅನೇಕರು ಈ ಕ್ಷಣದಲ್ಲಿಯೂ ಅಲ್ಲಿಯ ಕಲ್ಲಿನ ಮೇಲೆ ಕಾಲಿಟ್ಟಿರಬಹುದು, ಅಲ್ಲಿಯ ಬೇಳೆಯ ಸಾರನ್ನು ಉಂಡಿರಬಹುದು. ಆ ಕಲ್ಲು, ಆ ಕಾಳು ಇವುಗಳಿಗಿರುವ ನಂಟನ್ನು ತಿಳಿಸುವುದೇ ನಮ್ಮ ಉದ್ದೇಶ.

ಮೊದಲು ಕಲ್ಲಿನ ವಿಚಾರ. ಭೂಗರ್ಭಶಾಸ್ತ್ರಜ್ಞರು ಈ ಪ್ರದೇಶವನ್ನು ಭೀಮಾ ಕುಹರವೆಂದು ಕರೆಯುತ್ತಾರೆ. ಚಿಪ್ಪು ಮೂಳೆಗಳುಳ್ಳ ಪ್ರಾಣಿಗಳು ಇನ್ನೂ ಹುಟ್ಟಿರದಿದ್ದ ಕಾಲದಲ್ಲಿ, ಎಂದರೆ 54 ಕೋಟಿ ವರ್ಷಗಳಿಗೂ ಹಿಂದೆ, ಇಲ್ಲಿ ಆಳವಿಲ್ಲದ ಸಮುದ್ರವೊಂದಿತ್ತು. ಅದರ ತಳದಲ್ಲಿ ಸುಣ್ಣದ ಕೆಸರು ಪದರ ಪದರವಾಗಿ ನೆಲೆಗೊಂಡು, ಕಾಲಕ್ರಮದಲ್ಲಿ ಗಟ್ಟಿಯಾಗಿ ಸುಣ್ಣಕಲ್ಲಾಯಿತು. ಅದೇ ಇಂದಿನ ಶಹಾಬಾದಿನ ಕಲ್ಲು. ಪುಸ್ತಕದ ಹಾಳೆಗಳಂತೆ ಒಂದರ ಮೇಲೊಂದು ಕುಳಿತಿರುವುದರಿಂದ ಅದನ್ನು ಉಳಿಯಿಂದಲೂ ಸುತ್ತಿಗೆಯಿಂದಲೂ ಹಲಗೆಗಳಾಗಿ ಬಿಡಿಸಬಹುದು. ಬಹುಕಾಲದ ಬಳಿಕ, ಸುಮಾರು 6 ಕೋಟಿ 60 ಲಕ್ಷ ವರ್ಷಗಳ ಹಿಂದೆ, ದಖ್ಖಣದ ಜ್ವಾಲಾಮುಖಿಗಳ ಶಿಲಾರಸವು ಉತ್ತರದ ಕಡೆಯಿಂದ ಹರಿದು ಬಂದು ಈ ಕಲ್ಲಿನ ಬಹುಭಾಗವನ್ನು ಮುಚ್ಚಿತು. ಆ ಕರಿಯ ಬಂಡೆಯು ಮಳೆ ಬಿಸಿಲುಗಳಿಗೆ ಸಿಕ್ಕಿ ನುಗ್ಗಾದುದರಿಂದಲೇ ಎರೆಮಣ್ಣು ಹುಟ್ಟಿತು. ಹೀಗೆ ಕೆಳಗೆ ಕಡಲು ಬಿಟ್ಟುಹೋದ ಸುಣ್ಣ, ಮೇಲೆ ಬೆಂಕಿ ಬಿಟ್ಟುಹೋದ ಮಣ್ಣು. ಇವೆರಡರ ಮೇಲೆ ಈ ನಾಡಿನ ಮನೆಗಳೂ ಮಂದಿರಗಳೂ ಹೊಲಗಳೂ ನಿಂತಿರುವುವು.

ಚಿತ್ತಾಪುರ ಸೀಮೆಯ ಗುಂಡಗುರ್ತಿಯಂತಹ ಒಂದು ಹಳ್ಳಿಯನ್ನು ಹೊಕ್ಕರೆ ಇದು ಕಣ್ಣಿಗೇ ತೋರುತ್ತದೆ. ಈ ಸೀಮೆಯ ಹಳೆಯ ಮನೆಗಳ ಗೋಡೆ ಕಲ್ಲು, ನೆಲ ಕಲ್ಲು, ಮಾಳಿಗೆಯ ಮೇಲೆ ಹಾಸಿರುವುದೂ ಕಲ್ಲು. ದನಗಳ ಕೊಟ್ಟಿಗೆಗೂ, ಹಿತ್ತಿಲ ಬೇಲಿಗೂ ಹಲಗೆಗಲ್ಲನ್ನೇ ನೆಟ್ಟು ನಿಲ್ಲಿಸಿರುವರು. ಮರ ವಿರಳವಾದ ನಾಡಿನಲ್ಲಿ ಮರದ ಕೆಲಸವನ್ನೂ ಕಲ್ಲೇ ವಹಿಸಿಕೊಂಡಿದೆ. ಹಿಂದಿನವರು ಜೋಳವನ್ನು ಕೂಡಿಡುತ್ತಿದ್ದುದು ನೆಲದೊಳಗಿನ ಹಗೇವುಗಳಲ್ಲಿ. ಆಳವಾದ ಗುಣಿಯ ಒಳಮೈಗೆ ಹುಲ್ಲು ಹೊದಿಸಿ, ಕಾಳು ತುಂಬಿ, ಬಾಯಿಗೆ ಬಂಡೆ ಮುಚ್ಚಿ ಮಣ್ಣು ಮೆತ್ತಿದರೆ, ಗಾಳಿ ಆಡದೆ ಕಾಳು ವರ್ಷಾಂತರಗಳು ಕೆಡದೆ ಉಳಿಯುತ್ತಿತ್ತು. ಬರಗಾಲ ಬಂದಾಗ ಊರನ್ನು ಉಳಿಸುತ್ತಿದ್ದುದು ಈ ಹಗೇವುಗಳು. ಅರಸರ ಭಂಡಾರಗಳನ್ನು ಕುರಿತು ಚರಿತ್ರೆಯ ಪುಸ್ತಕಗಳಲ್ಲಿ ಬೇಕಾದಷ್ಟು ಬರೆದಿದೆ. ಪ್ರಜೆಗಳ ಈ ಭಂಡಾರಗಳನ್ನು ಕುರಿತು ಬರೆದವರು ಕಡಿಮೆ.

ಈ ಸೀಮೆಯ ಹೆಗ್ಗುರುತುಗಳಲ್ಲಿ ಅತಿ ಪ್ರಾಚೀನವಾದುದು ಭೀಮಾತೀರದ ಸನ್ನತಿ. ಅಲ್ಲಿಯ ಚಂದ್ರಲಾಂಬೆಯ ದೇವಸ್ಥಾನವು ಭಕ್ತರಿಗೆ ಚಿರಪರಿಚಿತ. 1986ರಲ್ಲಿ ಆ ಆವರಣದ ಕಾಳಿಯ ಗುಡಿಯ ಛಾವಣಿ ಕುಸಿದುಬಿದ್ದಿತು. ಭಗ್ನವಾದ ವಿಗ್ರಹವನ್ನು ಸರಿಸಿ ನೋಡಿದಾಗ, ಅದರ ಪೀಠವಾಗಿದ್ದ ಕಲ್ಲುಹಲಗೆಯ ಮೇಲೆ ಬ್ರಾಹ್ಮೀ ಲಿಪಿಯ ಬರಹವು ಕಾಣಿಸಿತು. ಅದು ಅಶೋಕ ಚಕ್ರವರ್ತಿಯ ಶಾಸನ! ವಿಗ್ರಹವನ್ನು ಕೂಡಿಸುವುದಕ್ಕಾಗಿ ಹಿಂದೆ ಯಾರೋ ಅದರ ನಡುವೆ ಚೌಕವಾಗಿ ಕಂಡಿಯನ್ನು ಕೊರೆದಿದ್ದರು. ಅಕ್ಷರಗಳು ಅಷ್ಟರಮಟ್ಟಿಗೆ ನಷ್ಟವಾಗಿದ್ದುವು. ಆದರೂ, ಪರಮತವನ್ನು ನಿಂದಿಸಬಾರದೆಂದು ಬೋಧಿಸುವ ಅವನ ಹನ್ನೆರಡನೆಯ ಶಿಲಾಶಾಸನದ ಭಾಗವು ಅದರಲ್ಲಿ ಉಳಿದಿತ್ತು. ಒಂದು ಧರ್ಮದ ಚಕ್ರವರ್ತಿಯ ಮಾತು ಮತ್ತೊಂದು ಧರ್ಮದ ದೇವಿಗೆ ಪೀಠವಾಗಿ, ಆ ಪೂಜೆಯ ಮರೆಯಲ್ಲಿಯೇ ರಕ್ಷಿತವಾಗಿದ್ದಿತೆಂಬುದು ಯೋಚಿಸತಕ್ಕ ಸಂಗತಿ.

ಸನ್ನತಿಗೆ ಹತ್ತಿರದ ಕನಗನಹಳ್ಳಿಯಲ್ಲಿ 1990ರ ದಶಕದಲ್ಲಿ ಆರಂಭವಾದ ಉತ್ಖನನದಿಂದ ಒಂದು ಮಹಾಸ್ತೂಪವೇ ಹೊರಬಂದಿತು. ಶಾಸನಗಳಲ್ಲಿ ಅದಕ್ಕೆ ಅಧೋಲೋಕ ಮಹಾಚೈತ್ಯವೆಂಬ ಹೆಸರಿದೆ. ಅದರ ಮೈಗೆ ಹೊದಿಸಿದ್ದ ಚಿತ್ರಫಲಕಗಳು ಈ ನೆಲದ ಸುಣ್ಣಕಲ್ಲಿನವೇ. ಅವುಗಳಲ್ಲೊಂದರಲ್ಲಿ ಅರಸನೊಬ್ಬನು ಪರಿವಾರದೊಡನೆ ನಿಂತಿರುವನು. ಮೇಲೆ ಬ್ರಾಹ್ಮಿಯಲ್ಲಿ ‘ರಾಯೋ ಅಸೋಕೋ’ ಎಂಬ ಹೆಸರು ಕೆತ್ತಿದೆ. ಭಾರತದಲ್ಲಿ ಅಶೋಕನ ಶಾಸನಗಳು ಹಲವೆಡೆ ದೊರೆತಿರುವುವು. ಆದರೆ ಹೆಸರಿನೊಡನೆ ಆತನ ರೂಪವನ್ನು ಕಾಣುವ ಭಾಗ್ಯವು ಈ ಕನ್ನಡ ಹಳ್ಳಿಯ ಕಲ್ಲಿನಿಂದ ಲಭಿಸಿತು. ಕೆಸರಾಗಿ ನೆಲೆಗೊಂಡ ನುಣುಪಾದ ಕಲ್ಲಾದುದರಿಂದಲೇ ಅದರ ಮೇಲೆ ಬಟ್ಟೆಯ ಮಡಿಕೆಯೂ ಆಭರಣದ ಕುಸುರಿಯೂ ಅಷ್ಟು ಸ್ಫುಟವಾಗಿ ಮೂಡಿ ನಿಂತಿವೆ.

ಸನ್ನತಿಯಿಂದ ಕಾಗಿಣೆಯ ಕಡೆಗೆ ತಿರುಗಿ, ಸುಮಾರು ಎಂಟು ನೂರು ವರ್ಷ ಮುಂದಕ್ಕೆ ಬಂದರೆ ಮಳಖೇಡವನ್ನು ತಲಪುತ್ತೇವೆ. ಕಲಬುರಗಿಯಿಂದ ಸುಮಾರು 40 ಕಿಲೋಮೀಟರು ದೂರದಲ್ಲಿ, ನದಿಯ ದಂಡೆಯಲ್ಲಿ, ಒಂದು ಜೀರ್ಣವಾದ ಕೋಟೆ. ಅದರ ಸುತ್ತ ಒಂದು ಹಳ್ಳಿ. ಇದೇ ರಾಷ್ಟ್ರಕೂಟರ ಮಾನ್ಯಖೇಟ. ಕ್ರಿ. ಶ. 814ರಿಂದ 878ರ ವರೆಗೆ ಆಳಿದ ಅಮೋಘವರ್ಷ ನೃಪತುಂಗನ ರಾಜಧಾನಿ. ಕನ್ನಡದಲ್ಲಿ ನಮಗೆ ದೊರೆತಿರುವ ಮೊದಲ ಗ್ರಂಥವಾದ ಕವಿರಾಜಮಾರ್ಗವು ಹುಟ್ಟಿದುದು ಅವನ ಆಸ್ಥಾನದಲ್ಲಿ. ಮಹಾವೀರಾಚಾರ್ಯನು ತನ್ನ ಗಣಿತಸಾರಸಂಗ್ರಹದ ಮೊದಲಲ್ಲಿ ಸ್ತುತಿಸಿರುವುದು ಅವನನ್ನು. ಅವನ ವಂಶದ ಮೂರನೆಯ ಕೃಷ್ಣನ ಕಾಲದಲ್ಲಿ ಪೊನ್ನನು ಉಭಯಕವಿಚಕ್ರವರ್ತಿಯೆನಿಸಿದನು. ಪುಷ್ಪದಂತನು ಇದೇ ನಗರದಲ್ಲಿ ಕುಳಿತು ಅಪಭ್ರಂಶ ಭಾಷೆಯಲ್ಲಿ ಮಹಾಪುರಾಣವನ್ನು ರಚಿಸಿ 965ರಲ್ಲಿ ಮುಗಿಸಿದನು.

ಈ ರಾಜಧಾನಿಯ ಕೀರ್ತಿಯನ್ನು ದೂರದೇಶಗಳಿಗೆ ಒಯ್ದವರು ಕಡಲ ಮೇಲಿನ ವರ್ತಕರು. 851ರ ಅರಬ್ಬೀ ವೃತ್ತಾಂತವೊಂದು, ಸುಲೈಮಾನನೆಂಬ ವರ್ತಕನ ಹೆಸರಿನಲ್ಲಿ ಪ್ರಸಿದ್ಧವಾದುದು, ಜಗತ್ತಿನ ನಾಲ್ವರು ಮಹಾರಾಜರನ್ನು ಎಣಿಸುತ್ತದೆ: ಬಾಗ್ದಾದಿನ ಖಲೀಫ, ಚೀನದ ಚಕ್ರವರ್ತಿ, ರೂಮಿನ ದೊರೆ, ನಾಲ್ಕನೆಯವನು ಬಲ್ಹರಾ. ಬಲ್ಹರಾ ಎಂದರೆ ರಾಷ್ಟ್ರಕೂಟರ ‘ವಲ್ಲಭರಾಜ’ ಎಂಬ ಬಿರುದಿನ ಅರಬ್ಬೀ ಉಚ್ಚಾರಣೆ. ಹತ್ತನೆಯ ಶತಮಾನದ ಅಲ್ ಮಸೂದಿಯು ಅವನ ರಾಜಧಾನಿಯನ್ನು ಮಾನ್‌ಕೀರ್ ಎಂದು ಹೆಸರಿಸಿರುವನು. ಕಡಲಿಲ್ಲದ ಕಾಗಿಣೆಯ ಊರು ಹೀಗೆ ಕಡಲ ದಾರಿಯಿಂದ ಪ್ರಖ್ಯಾತವಾಯಿತು.

ರಾಷ್ಟ್ರಕೂಟರ ಕಡಲ ಪಟ್ಟಣವೊಂದರ ಊಟದ ಸುದ್ದಿಯೂ ನಮಗೆ ದೊರೆತಿರುವುದು ಸಂತೋಷದ ವಿಷಯ. ಕೊಂಕಣದ ಉತ್ತರಕ್ಕಿರುವ ಸಂಜಾನ ಬಂದರನ್ನು ಎರಡನೆಯ ಕೃಷ್ಣನ ಪರವಾಗಿ ಆಳುತ್ತಿದ್ದವನು ಮಧುಮತಿ ಎಂಬ ತಾಜಿಕ, ಎಂದರೆ ಅರಬ್ಬ. ಮಹಮ್ಮದ ಎಂಬ ಹೆಸರೇ ಮಧುಮತಿಯಾಗಿದೆಯೆಂದು ವಿದ್ವಾಂಸರ ಮತ. 926ರ ಚಿಂಚಣಿ ತಾಮ್ರಶಾಸನವು ಇವನ ಅಧಿಕಾರವನ್ನು ವಿವರಿಸುತ್ತ, ಇವನ ಆಳ್ವಿಕೆಯಲ್ಲಿ ಹೊಳೆ ದಾಟುವವರಿಗೆ ದೋಣಿಯ ಏರ್ಪಾಡನ್ನೂ, ಬಂದವರಿಗೆ ಶಾಲಿಯಕ್ಕಿಯ ಅನ್ನ, ವ್ಯಂಜನ, ತುಪ್ಪಗಳನ್ನು ಉಚಿತವಾಗಿ ಬಡಿಸುವ ಛತ್ರವನ್ನೂ ಮಾಡಿದ್ದಿತೆಂದು ಹೇಳುತ್ತದೆ. ಕನ್ನಡ ದೊರೆಯ ಅಧಿಕಾರಿಯಾದ ಅರಬ್ಬನೊಬ್ಬನು ಕೊಂಕಣದಲ್ಲಿ ದಾರಿಗರಿಗೆ ಅನ್ನ ತುಪ್ಪಗಳನ್ನು ಬಡಿಸಿದ ಈ ಸಣ್ಣ ಸಂಗತಿಯು ಆ ಸಾಮ್ರಾಜ್ಯದ ಗುಣವನ್ನು ಹತ್ತು ಯುದ್ಧಗಳ ವರ್ಣನೆಗಿಂತಲೂ ಚೆನ್ನಾಗಿ ತಿಳಿಸುವುದೆಂದು ನಮಗೆ ತೋರುತ್ತದೆ.

ಕಡಲ ಕಡೆ ಅಕ್ಕಿಯಾದರೆ ಒಳನಾಡಿನಲ್ಲಿ ಜೋಳ. ಅದು ಕೇವಲ ಹೊಟ್ಟೆಯ ವಿಷಯವಾಗಿರಲಿಲ್ಲ. ಆ ಕಾಲದ ಕನ್ನಡದಲ್ಲಿ ‘ಜೋಳದ ಪಾಳಿ’, ‘ಜೋಳವಾಳಿ’ ಎಂಬ ಮಾತುಗಳು ಪ್ರಚಾರದಲ್ಲಿದ್ದುವು. ಒಡೆಯನ ಜೋಳವನ್ನು ಉಂಡವನು ಒಡೆಯನ ಕಷ್ಟಕಾಲದಲ್ಲಿ ಆ ಋಣವನ್ನು ತೀರಿಸತಕ್ಕದ್ದೆಂಬ ಧರ್ಮವೇ ಜೋಳವಾಳಿ. ರಾಷ್ಟ್ರಕೂಟರ ಸಾಮಂತನಾದ ಅರಿಕೇಸರಿಯ ಆಶ್ರಯದಲ್ಲಿದ್ದ ಪಂಪನ ಭಾರತದಲ್ಲಿಯೂ ಈ ಮಾತು ಬಂದಿದೆ. ಬೇರೆ ಭಾಷೆಗಳಲ್ಲಿ ಉಪ್ಪಿನ ಋಣವೆಂದು ಹೇಳುವಲ್ಲಿ ನಮ್ಮ ಹಿರಿಯರು ಜೋಳದ ಋಣವೆಂದರು. ಒಂದು ಧಾನ್ಯದ ಹೆಸರಿನಿಂದ ಒಂದು ಧರ್ಮಕ್ಕೇ ಹೆಸರಾಯಿತೆಂದರೆ ಆ ಧಾನ್ಯವು ಜನರ ಬಾಳಿನಲ್ಲಿ ಎಷ್ಟು ಆಳಕ್ಕೆ ಇಳಿದಿರಬೇಕು! ಈ ಮಾತನ್ನು ಶ್ರೋತೃಗಳು ನೆನಪಿನಲ್ಲಿಡಬೇಕೆಂದು ಕೋರುತ್ತೇವೆ. ಕೊನೆಯಲ್ಲಿ ನಮಗೆ ಇದರಿಂದ ಕೆಲಸವಿದೆ.

972ರಲ್ಲಿ ಮಾಳವದ ಪರಮಾರ ಸೀಯಕನು ಮಾನ್ಯಖೇಟವನ್ನು ಸೂರೆಗೊಂಡನು. ಮರುವರ್ಷವೇ ಚಾಲುಕ್ಯ ತೈಲಪನು ರಾಷ್ಟ್ರಕೂಟರ ಆಳ್ವಿಕೆಯನ್ನು ಕೊನೆಗಾಣಿಸಿದನು. ಅರಮನೆಗಳ ಕಲ್ಲು ಕಾಲಾಂತರದಲ್ಲಿ ಕೋಟೆಗೂ ಮನೆಗಳಿಗೂ ಸೇರಿತು. ಈಗ ಮಳಖೇಡದಲ್ಲಿ ಉಳಿದಿರುವುದು ಕೋಟೆಯ ಗೋಡೆ ಬುರುಜುಗಳು, ತೀರ್ಥಂಕರರ ಕಿರುಮೂರ್ತಿಗಳಿಂದ ತುಂಬಿದ ಲೋಹದ ಮಂಟಪವುಳ್ಳ ನೇಮಿನಾಥ ಬಸದಿ, ಉತ್ತರಾದಿ ಮಠದ ವೃಂದಾವನಗಳು. ಜೈನರಿಗೂ ಮಾಧ್ವರಿಗೂ ಅದು ಪುಣ್ಯಕ್ಷೇತ್ರ. ಉಳಿದವರಿಗೆ ರಸ್ತೆಬದಿಯ ಒಂದು ಊರು. 2020ರ ಅಕ್ಟೋಬರಿನಲ್ಲಿ ಕಾಗಿಣೆಗೂ ಭೀಮೆಗೂ ಭಾರಿ ಪ್ರವಾಹ ಬಂದು ಈ ತೀರದ ಊರುಗಳೆಲ್ಲ ತತ್ತರಿಸಿದುವು.

ಮಾನ್ಯಖೇಟದ ಬೆಳಕು ಆರಿದರೂ ಸೀಮೆ ಕತ್ತಲಾಗಲಿಲ್ಲ. ಚಿತ್ತಾಪುರದ ಮಗ್ಗುಲಲ್ಲಿರುವ ನಾಗಾವಿಯಲ್ಲಿ ಕಲ್ಯಾಣದ ಚಾಲುಕ್ಯ ಒಂದನೆಯ ಸೋಮೇಶ್ವರನ ಕಾಲದಲ್ಲಿ ಒಂದು ಘಟಿಕಾಸ್ಥಾನವಿತ್ತು. ಅವನ ದಂಡನಾಯಕ ಮಧುಸೂದನನು ಅದಕ್ಕೆ ಮಾಡಿದ ಏರ್ಪಾಡುಗಳನ್ನು 1058ರ ಶಾಸನವು ಹೇಳುತ್ತದೆ. ವೇದಾಧ್ಯಯನಕ್ಕೆ 200 ವಿದ್ಯಾರ್ಥಿಗಳು, ಶಾಸ್ತ್ರಗಳಿಗೆ ಐವತ್ತಕ್ಕೆ ಮೇಲ್ಪಟ್ಟು, ಅವರಿಗೆ ಉಪಾಧ್ಯಾಯರು, ಇವರಲ್ಲದೆ 6 ಮಂದಿ ಸರಸ್ವತೀ ಭಂಡಾರಿಗರು. ಪುಸ್ತಕ ಭಂಡಾರವನ್ನು ನೋಡಿಕೊಳ್ಳುವುದಕ್ಕೆಂದೇ ಆರು ಜನರನ್ನು ನೇಮಿಸಿ ಭೂಮಿಯನ್ನು ಬಿಟ್ಟಿದ್ದರೆಂಬ ಸಂಗತಿಯನ್ನು ಇಂದಿನ ವಿದ್ಯಾಶಾಲೆಗಳ ಅಧಿಕಾರಿಗಳು ಗಮನಿಸತಕ್ಕದ್ದು. ಅಲ್ಲಿಯ ಅರವತ್ತು ಕಂಬದ ಗುಡಿ ಇಂದಿಗೂ ನಿಂತಿದೆ. ಸೇಡಮಿನ ಪಂಚಲಿಂಗೇಶ್ವರ, ಕಾಳಗಿಯ ದೇವಾಲಯಗಳು ಇದೇ ಪರಂಪರೆಯವು. ಇಷ್ಟು ಮಂದಿ ವಿದ್ಯಾರ್ಥಿಗಳು ದಿನವೂ ಉಣ್ಣಬೇಕಾದರೆ ಸುತ್ತಲ ಹೊಲಗಳು ಬೆಳೆಯಬೇಕು. ವಿದ್ಯೆಯ ಹಿಂದೆಯೂ ಒಂದು ಕಣಜವಿರುತ್ತದೆ.

ಈಗ ಆ ಕಣಜದ ಕಡೆಗೆ ಬರೋಣ. ಈ ಸೀಮೆಯಲ್ಲಿ ಊಟವೆಂದರೆ ರೊಟ್ಟಿ. ಹಿಂಗಾರಿಯ ಬಿಳಿಜೋಳದ ಹಿಟ್ಟಿಗೆ ಕುದಿಯುವ ನೀರು ಹಾಕಿ ನಾದಿ, ಅಂಗೈಯಿಂದ ಬಡಿದು ಬಡಿದು ಅಗಲಿಸಿ, ಹಂಚಿನ ಮೇಲೆ ಹಾಕಿ ಮೇಲ್ಮೈಗೆ ನೀರು ಸವರುವರು. ನಸುಕಿನಲ್ಲಿ ಊರಿನೊಳಗೆ ನಡೆದರೆ ಮನೆಮನೆಯಿಂದ ಆ ಬಡಿತದ ಸದ್ದು ಕೇಳಿಬರುವುದು. ಬಿಸಿರೊಟ್ಟಿ ಒಂದು ಬಗೆ; ಒಣಗಿಸಿ ಅಡಕಿಟ್ಟ ಖಡಕ್ ರೊಟ್ಟಿ ಇನ್ನೊಂದು. ಇದು ತಿಂಗಳುಗಟ್ಟಲೆ ಕೆಡದು. ಜಾತ್ರೆಗೂ ಪ್ರಯಾಣಕ್ಕೂ ಒದಗುವುದು. ಅನ್ನವನ್ನು ಬಡಿಸಿ ನಮ್ಮನ್ನು ಸತ್ಕರಿಸಬೇಕೆಂದಿದ್ದ ಮನೆಯೊಂದರ ಮುದುಕಿಯು, ನಾವು ರೊಟ್ಟಿಯನ್ನೇ ಬೇಡಿದಾಗ, “ರೊಟ್ಟಿ ಇದ್ರ ಊಟ ರೀ, ಇಲ್ಲಾಂದ್ರ ಬರೇ ಫರಾಳ” ಎಂದು ನಕ್ಕಳು. ಆ ಒಂದು ಮಾತಿನಲ್ಲಿ ಈ ನಾಡಿನ ಆಹಾರಶಾಸ್ತ್ರವೆಲ್ಲ ಅಡಗಿದೆ.

ರೊಟ್ಟಿಯ ಜೊತೆಗೆ ಪುಂಡಿಪಲ್ಯ. ಹುಳಿಯಾದ ಪುಂಡಿಯ ಸೊಪ್ಪನ್ನು ಬೇಳೆಯೊಡನೆಯೂ ಜೋಳದ ನುಚ್ಚಿನೊಡನೆಯೂ ಬೇಯಿಸಿ, ಹಸಿಮೆಣಸಿನಕಾಯಿ ಹಾಕಿ, ಬೆಳ್ಳುಳ್ಳಿಯ ಒಗ್ಗರಣೆ ಕೊಡುವರು. ಮಾಡಿದ ದಿನಕ್ಕಿಂತ ಮರುದಿನವೇ ಅದಕ್ಕೆ ರುಚಿ. ಶೇಂಗಾದ ಹಿಂಡಿ, ಕಡಲೆಹಿಟ್ಟಿನ ಜುಣಕ, ಎಣ್ಣೆಗಾಯಿ ಬದನೆ, ಗಟ್ಟಿ ಮೊಸರು ಇವು ರೊಟ್ಟಿಯ ಪರಿವಾರ. ಇವೆಲ್ಲವುಗಳಲ್ಲಿ ಅರಸು ತೊಗರಿಬೇಳೆ. ಮುಂಗಾರಿನಲ್ಲಿ ಬಿತ್ತಿದ ತೊಗರಿಯು ಡಿಸೆಂಬರು ಜನವರಿಗಳಲ್ಲಿ ಕಣಕ್ಕೆ ಬರುತ್ತದೆ. ಕಲಬುರಗಿಗೆ ತೊಗರಿಯ ಕಣಜವೆಂದೇ ಹೆಸರು. 2019ರಲ್ಲಿ ‘ಗುಲ್ಬರ್ಗ ತೊಗರಿಬೇಳೆ’ಗೆ ಭೌಗೋಳಿಕ ಗುರುತಿನ ಮನ್ನಣೆ ದೊರೆಯಿತು. ಇಲ್ಲಿಯ ಮಣ್ಣಿನಲ್ಲಿ ಸುಣ್ಣದ ಅಂಶವೂ ಪೊಟಾಸಿಯಮ್ಮೂ ಅಧಿಕವಾಗಿರುವುದೇ ಆ ಬೇಳೆಯ ವಿಶೇಷ ರುಚಿಗೆ ಕಾರಣವೆಂದು ಹೇಳುತ್ತಾರೆ. ನೆರೆಯ ತೆಲಂಗಾಣದ ತಾಂಡೂರಿನಲ್ಲಿಯೂ ಇದೇ ಬಗೆಯ ಹಾಸುಗಲ್ಲು, ಅದೇ ತೊಗರಿ. ಅಲ್ಲಿಯ ತೊಗರಿಗೂ 2022ರಲ್ಲಿ ಅಂತಹದೇ ಮನ್ನಣೆ ಬಂದಿತು. ರಾಜ್ಯಗಳ ಗಡಿಯನ್ನು ಕಲ್ಲಾಗಲಿ ಕಾಳಾಗಲಿ ಅರಿಯವು.

ಕಲ್ಲಿಗೂ ಕಾಳಿಗೂ ಇರುವ ನಂಟನ್ನು ಜನರು ತಾವೇ ಬಲ್ಲರೆಂಬುದಕ್ಕೆ ಎಳ್ಳಮಾವಾಸ್ಯೆಯೇ ಸಾಕ್ಷಿ. ಚಳಿಗಾಲದ ಆ ದಿನ ಊರಿಗೆ ಊರೇ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ನಡೆಯುತ್ತದೆ. ಹೊಲದ ನಡುವೆ ಜೋಳದ ದಂಟುಗಳಿಂದ ಗುಡಿಸಲಿನಂತೆ ಕಟ್ಟಿ, ಅದರೊಳಗೆ ಐದು ಕಲ್ಲುಗಳನ್ನಿಟ್ಟು, ಪಾಂಡವರೆಂದು ಭಾವಿಸಿ ಪೂಜಿಸುವರು. ಆಮೇಲೆ ಮಾಡಿ ತಂದ ಅಡುಗೆಯನ್ನು ಹೊಲದ ಸುತ್ತ ಚೆಲ್ಲುವರು. ಇದಕ್ಕೆ ಚರಗವೆಂದು ಹೆಸರು. ಭೂಮಿತಾಯಿ ಉಂಡ ಬಳಿಕವೇ ಮನುಷ್ಯರ ಊಟ. ಎಳೆಯ ತೊಗರಿ, ಕಡಲೆ, ಅವರೆ, ಬದನೆ, ಮೆಂತ್ಯ, ಇನ್ನೂ ಸಿಕ್ಕಿದ ಕಾಯಿಪಲ್ಯಗಳನ್ನೆಲ್ಲ ಹುಳಿಯಲ್ಲಿ ಬೇಯಿಸಿ ಕಡಲೆಹಿಟ್ಟು ಕೂಡಿಸಿದ ಭಜ್ಜಿ, ಸಜ್ಜೆಯ ರೊಟ್ಟಿ, ಕಡುಬು, ಶೇಂಗಾದ ಹೋಳಿಗೆ, ಅಂಬಲಿ. ಹೊಲವಿಲ್ಲದವರನ್ನೂ ಹಾದಿಹೋಕರನ್ನೂ ಕರೆದು ಕೂಡಿಸಿಕೊಳ್ಳುವರು. ಹಾಗೆಯೇ ಜೋಳ ಹಾಲುಗಾಳಾದಾಗ ತೆನೆಯನ್ನು ಕೆಂಡದಲ್ಲಿ ಸುಟ್ಟು ತಿಕ್ಕಿ ತಿನ್ನುವ ಸೀತನಿಯ ರುಚಿಯನ್ನು ನಗರವಾಸಿಗಳಿಗೆ ಮಾತಿನಿಂದ ತಿಳಿಸಲಾರೆವು.

1874ರಲ್ಲಿ ಈ ಸೀಮೆಯ ಭಾಗ್ಯ ಬೇರೊಂದು ದಿಕ್ಕಿಗೆ ತಿರುಗಿತು. ಮುಂಬಯಿಯಿಂದ ರಾಯಚೂರಿಗೆ ಹೋಗುವ ರೈಲುಮಾರ್ಗವನ್ನು ಹೈದರಾಬಾದಿನ ನಿಜಾಮರ ರೈಲುಮಾರ್ಗವು ವಾಡಿಯಲ್ಲಿ ಆ ವರ್ಷ ಸೇರಿತು. ಹಳ್ಳಿಯಾಗಿದ್ದ ವಾಡಿ ಜಂಕ್ಷನ್ನಾಯಿತು. ಶಹಾಬಾದಿನ ಕಲ್ಲು ರೈಲನ್ನೇರಿ ದೂರದ ಪಟ್ಟಣಗಳಿಗೆ ಹೊರಟಿತು. ಶಾಲೆಗಳ ಪಡಸಾಲೆ, ನಿಲ್ದಾಣಗಳ ಕಟ್ಟೆ, ಅಡುಗೆಮನೆಗಳ ನೆಲ ಎಲ್ಲೆಲ್ಲಿಯೂ ಶಹಾಬಾದಿ ಫರಸಿ. ಊರಿನ ಹೆಸರೇ ಕಲ್ಲಿನ ಹೆಸರಾಯಿತು. ರೈಲಿನ ಜೊತೆಯಲ್ಲಿ ಜನರೂ ಬಂದರು, ಅವರ ಅಡುಗೆಯೂ ಬಂದಿತು. ದಖನಿ ಮಾತನಾಡುವ ಮನೆಗಳ ಮಸಾಲೆಯ ತಹರಿ, ಚಹದ ಅಂಗಡಿಗಳ ಸುಸ್ಲಾ, ಮಿರ್ಚಿ ಭಜಿ ಇವು ಇಂದು ರೊಟ್ಟಿ ಪುಂಡಿಪಲ್ಯಗಳಷ್ಟೇ ಈ ಸೀಮೆಯವು. ಇದೇ ಮಾರ್ಗದಲ್ಲಿ, ಚಿತ್ತಾಪುರಕ್ಕೂ ಸೇಡಮಿಗೂ ನಡುವೆ, ‘ಮಳಖೇಡ ರೋಡ್’ ಎಂಬ ಸಣ್ಣ ನಿಲ್ದಾಣವಿದೆ. ಬಲ್ಹರಾ ದೊರೆಯ ರಾಜಧಾನಿಯ ದಾರಿ ಇದೆಂದು ಅರಿಯದೆ ಎಷ್ಟೋ ಮಂದಿ ಪ್ರಯಾಣಿಕರು ಅದನ್ನು ದಾಟಿ ಹೋಗುವರು.

ಕಲ್ಲನ್ನು ಹಲಗೆಯಾಗಿ ತೆಗೆಯುತ್ತಿದ್ದ ಕಾಲದಲ್ಲಿ ಮನುಷ್ಯನ ಕೈಯ ವೇಗಕ್ಕೆ ತಕ್ಕಷ್ಟೇ ಕಲ್ಲು ಹೋಗುತ್ತಿತ್ತು. ಸಿಮೆಂಟಿನ ಕಾಲ ಬಂದ ಮೇಲೆ ಲೆಕ್ಕವೇ ಬೇರೆಯಾಯಿತು. ಸುಣ್ಣಕಲ್ಲನ್ನು ಜೇಡಿಮಣ್ಣಿನೊಡನೆ ಅರೆದು ಸುಟ್ಟರೆ ಸಿಮೆಂಟು. ಶಹಾಬಾದದಲ್ಲಿ ನಿಜಾಮರ ಕಾಲದಲ್ಲಿಯೇ ಅದರ ಕಾರ್ಖಾನೆ ಹುಟ್ಟಿತು. ಮುಂದೆ ವಾಡಿ, ಮಳಖೇಡ, ಸೇಡಂಗಳಲ್ಲಿ ಇನ್ನೂ ದೊಡ್ಡವು ಎದ್ದವು. ಇವುಗಳಿಂದ ಸಾವಿರಾರು ಸಂಸಾರಗಳಿಗೆ ಅನ್ನ ದೊರೆತಿರುವುದು ನಿಜ. ದೇಶದ ಅಣೆಕಟ್ಟು ಸೇತುವೆಗಳಿಗೆ ಈ ನೆಲವು ತನ್ನ ಮೈಯನ್ನೇ ಕೊಟ್ಟಿರುವುದೂ ನಿಜ. ಇದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಕಲ್ಲು ತೆಗೆದ ಗಣಿಯು ಹೊಲವಾಗಿ ಉಳಿಯುವುದಿಲ್ಲವೆಂಬುದನ್ನು ಮರೆಯಬಾರದು. ಮೇಲಿನ ಎರೆಯನ್ನು ಸರಿಸಿದ ಹೊರತು ಕೆಳಗಿನ ಸುಣ್ಣಕ್ಕೆ ಕೈಹಾಕಲಾಗದು. ಎರೆಯನ್ನು ಒಮ್ಮೆ ಸರಿಸಿದ ಮೇಲೆ ಅದನ್ನು ಮತ್ತೆ ಹಾಸುವವರು ಯಾರು? ಕೆಲಸ ಮುಗಿದ ಗಣಿಗಳಲ್ಲಿ ಹಸಿರುನೀರು ನಿಂತಿದೆ. ದಂಡೆಯಲ್ಲಿ ಕಲ್ಲುಚೂರುಗಳ ರಾಶಿ. ಅಮೋಘವರ್ಷನ ಕಾಲದ ಮಹಾವೀರಾಚಾರ್ಯನ ಗಣಿತಗ್ರಂಥದಲ್ಲಿ ಅಗೆದ ಗುಣಿಗಳ ಘನಫಲವನ್ನು ಕಂಡುಹಿಡಿಯುವುದಕ್ಕೆಂದೇ ಖಾತವ್ಯವಹಾರವೆಂಬ ಒಂದು ಪ್ರಕರಣವಿದೆ. ಆ ಸೂತ್ರಗಳಿಂದ ಗುಣಿಯ ಪ್ರಮಾಣವನ್ನು ಅಳೆಯಬಹುದು. ಅಲ್ಲಿ ಬೆಳೆಯದೆ ಹೋದ ಜೋಳವನ್ನು ಅಳೆಯಲಾಗದು.

ಹೊಲದಲ್ಲಿಯೂ ಸಮತೋಲ ತಪ್ಪಿದೆ. ತೊಗರಿಗೆ ಪೇಟೆಯಲ್ಲಿ ಹಣವಿರುವುದರಿಂದ ರೈತನು ಜೋಳವನ್ನು ಕಡಿಮೆ ಮಾಡಿ ತೊಗರಿಯನ್ನು ಹೆಚ್ಚಿಸಿದನು. ಅದು ಅವನ ತಪ್ಪೆಂದು ಹೇಳಲಾಗದು. ಮಗನ ಓದು, ಮಗಳ ಮದುವೆ ಹಣದಿಂದಲೇ ಆಗಬೇಕಷ್ಟೆ. ಆದರೆ ಒಂದೇ ಬೆಳೆಯನ್ನು ನಂಬಿದವನಿಗೆ ಅದು ಕೈಕೊಟ್ಟಾಗ ಬೇರೆ ದಿಕ್ಕಿಲ್ಲ. 2022ರ ಕೊನೆಯಲ್ಲಿ ನೆಟೆರೋಗವು ಹಬ್ಬಿ, ಕಾಯಿಕಟ್ಟಿ ನಿಂತ ತೊಗರಿಯು ಹೊಲಹೊಲಗಳಲ್ಲಿ ನಿಂತಲ್ಲಿಯೇ ಒಣಗಿತು. ಹಿಂದಿನ ಕಾಲದಲ್ಲಾಗಿದ್ದರೆ ಹಗೇವಿನ ಬಾಯಿ ತೆರೆಯುತ್ತಿದ್ದರು. ಈಗ ಹಗೇವುಗಳು ಮಣ್ಣು ತುಂಬಿ ಹೋಗಿವೆ. ರೊಟ್ಟಿಯ ಜೋಳವನ್ನೂ ಅಂಗಡಿಯಿಂದ ಕೊಂಡು ತರುವ ಮನೆಗಳು ಹಳ್ಳಿಗಳಲ್ಲಿಯೇ ಹೆಚ್ಚುತ್ತಿವೆ. ಜೋಳ ಹೋದರೆ ದನದ ಕಣಿಕೆಯೂ ಹೋಗುತ್ತದೆ. ಕಣಿಕೆ ಹೋದರೆ ಎತ್ತು, ಎತ್ತು ಹೋದರೆ ಗೊಬ್ಬರ. ಒಂದು ಧಾನ್ಯದ ಹಿಂದೆ ಇಷ್ಟು ದೊಡ್ಡ ಸಂಸಾರವಿದೆ.

ಈಗ ಹಿಂದೆ ಹೇಳಿದ ಜೋಳವಾಳಿಗೆ ಬರುತ್ತೇವೆ. ಉಂಡ ಜೋಳದ ಋಣವು ಉಂಡವನ ಮೇಲಿರುವುದೆಂಬುದು ಆ ಧರ್ಮ. ಹಾಗಾದರೆ ಈ ಸೀಮೆಯ ಜೋಳವನ್ನೂ ತೊಗರಿಯನ್ನೂ ಉಂಡವರು ಯಾರು? ಇದರ ಕಲ್ಲಿನ ಮೇಲೆ ನಡೆದಾಡುವವರು ಯಾರು? ಇದರ ಸಿಮೆಂಟಿನ ಮನೆಗಳಲ್ಲಿ ಮಲಗುವವರು ಯಾರು? ನಗರವಾಸಿಗಳಾದ ನಾವು. ಪ್ರಾಚೀನ ವೀರನು ತನ್ನ ಋಣವನ್ನು ಪ್ರಾಣ ಕೊಟ್ಟು ತೀರಿಸಿದನು. ನಮ್ಮಿಂದ ಯಾರೂ ಅಷ್ಟನ್ನು ಬೇಡುತ್ತಿಲ್ಲ. ಕಲ್ಲು ತೆಗೆದ ನೆಲವನ್ನು ಮರಳಿ ಮುಚ್ಚಿಸುವ ಕಟ್ಟಳೆಗಳನ್ನು ಕಟ್ಟುನಿ‌ಟ್ಟಾಗಿ ನಡೆಯಿಸಬೇಕೆಂದು ಕೇಳುವುದು. ಜೋಳ ಬೆಳೆದವನಿಗೆ ತಕ್ಕ ಬೆಲೆ ಬರುವಂತೆ ವಾರಕ್ಕೆ ಎರಡು ದಿನವಾದರೂ ರೊಟ್ಟಿಯನ್ನು ಕೊಂಡು ತಿನ್ನುವುದು. ಮಕ್ಕಳನ್ನು ಒಮ್ಮೆ ಮಳಖೇಡ, ನಾಗಾವಿ, ಸನ್ನತಿಗಳಿಗೆ ಕರೆದೊಯ್ದು, ಕನ್ನಡವು ಹಿಂದೆ ಯಾವ ಊರಿನಿಂದ ಮಾತನಾಡಿತೆಂಬುದನ್ನು ತೋರಿಸುವುದು. ಇಷ್ಟನ್ನು ಮಾಡಬಹುದು.

ಹೋಗುವವರು ಎಳ್ಳಮಾವಾಸ್ಯೆಯ ಹೊತ್ತಿಗೆ ಹೋದರೆ ಒಳ್ಳೆಯದು. ಬೆಳಿಗ್ಗೆ ಕೋಟೆಯನ್ನು ನೋಡಿಕೊಂಡು, ಮಧ್ಯಾಹ್ನ ಯಾವುದಾದರೂ ಹೊಲದ ಬದುವಿನ ಮೇಲೆ ನಿಲ್ಲಲಿ. ಪರಿಚಯವಿಲ್ಲವೆಂದು ಸಂಕೋಚಪಡಬೇಕಾದುದಿಲ್ಲ. ಯಾರಾದರೂ ಕರೆದೇ ಕರೆಯುವರು. ಎಲೆಯ ಮೇಲೆ ರೊಟ್ಟಿ ಭಜ್ಜಿಗಳು ಬೀಳುವುವು. ಪಕ್ಕದಲ್ಲಿ ಕುಂಕುಮ ಹಚ್ಚಿದ ಐದು ಕಲ್ಲುಗಳಿರುವುವು. ಸಂಜಾನದ ಛತ್ರದಲ್ಲಿ ಬಂದವರ ಕುಲಗೋತ್ರಗಳನ್ನು ಕೇಳದೆ ಬಡಿಸಿದ ಕೈಯೇ ಇಲ್ಲಿಯೂ ಬಡಿಸುತ್ತಿದೆಯೆಂದು ಆಗ ಅನ್ನಿಸಿದರೆ, ಅದು ಬರಿಯ ಭಾವನೆಯೆಂದು ನಾವು ಹೇಳಲಾರೆವು.